ಮೂಸಿ ಹೇಳುತ್ತಿದ್ದ ಹುಡುಗಿಯ ಕೊರಳು

ಸುಟ್ಟ ಪ್ಲಾಸ್ಟಿಕ್ ಮೂಸಿ ಅದು ಯಾವ ಬಗೆಯದೆಂದು ಹೇಳುವುದು ನನಗೆ ಏಳನೇ ವಯಸ್ಸಿಗೇ ಬರುತ್ತಿತ್ತು. ಮಗ್ಗಿ ಇನ್ನೂ ಏಳರ ಮನೆಯಲ್ಲೇ ತೊದಲುತ್ತಿತ್ತು, ಇದು ಮಾತ್ರ ಪಕ್ಕಾ.

ನನ್ನಪ್ಪ ಫಕೀರಪ್ಪ ಒಡೆದ ಪ್ಲಾಸ್ಟಿಕ್ ಕೊಡಗಳಿಗೆ ತೇಪೆ ಹಾಕುವವನು. ರಾಮದುರ್ಗದ ನಮ್ಮ ಮನೆಯಿಂದ ಸೈಕಲ್ ಮೇಲೆ ಕೆಂಡ ತುಂಬುವ ಶೆಗಡಿ, ಇದ್ದಿಲಿನ ಚೀಲ, ಎರಡು ಕಬ್ಬಿಣದ ಸಳಿ ಹೇರಿಕೊಂಡು ಕಟಕೋಳ, ಸಾಲಹಳ್ಳಿ ಅಂತ ಸಂತೆ ಸುತ್ತುತ್ತಿದ್ದ. ಸಾಲೆ ಸೂಟಿ ಇದ್ದ ದಿನ ಸೈಕಲ್ಲಿನ ಮುಂದಿನ ಪೈಪಿನ ಮೇಲೆ ನಾನು. ಸೀಳು ಬಿಟ್ಟ ಕೊಡ ಬಂದರೆ ಅದೇ ಬಗೆಯ ಪ್ಲಾಸ್ಟಿಕ್ಕಿನ ತುಂಡೊಂದನ್ನು ಹುಡುಕಿ, ಕಾದ ಸಳಿಯಿಂದ ಎರಡನ್ನೂ ಕರಗಿಸಿ ಕೂಡಿಸಬೇಕು. ಬಗೆ ತಪ್ಪಿದರೆ ತೇಪೆ ಮನೆ ಮುಟ್ಟುವುದರೊಳಗೆ ಬಿಟ್ಟುಕೊಳ್ಳುತ್ತದೆ, ಮುಂದಿನ ವಾರ ಬೈಗುಳ ಕಾದಿರುತ್ತದೆ. ಬಗೆ ಕಣ್ಣಿಗೆ ತಿಳಿಯುವುದಿಲ್ಲ. ಒಂದು ಚೂರು ಕತ್ತರಿಸಿ, ಬೆಂಕಿ ತಾಗಿಸಿ, ಆರಿಸಿ, ಹೊಗೆ ಮೂಸಬೇಕು. ಅಪ್ಪನ ಮೂಗು ತಪಕೀರು ಸೇದಿ ಸೇದಿ ಕೆಲಸಕ್ಕೆ ಬಾರದಂತಾಗಿತ್ತು. ನಶ್ಯದ ಆ ಡಬ್ಬಿ ಅವನ ಕಿಸೆ ಬಿಟ್ಟು ಇಳಿದದ್ದೇ ಇಲ್ಲ. ಹಾಗಾಗಿ ಮೂಸುವ ಕೆಲಸ ನನ್ನದಾಯಿತು.

ಮೇಣಬತ್ತಿಯ ವಾಸನೆ ಬಂದರೆ ಕೊಡದ ಪ್ಲಾಸ್ಟಿಕ್, ಕೂಡುತ್ತದೆ. ಮೂಗಿನೊಳಗೆ ಸೂಜಿ ಚುಚ್ಚಿದಂತಾದರೆ ನಳದ ಪೈಪಿನದು, ಎಸೆಯಬೇಕು. ಇನ್ನೊಂದು ಬಗೆ ಇತ್ತು, ಸುಟ್ಟರೆ ಹೂವಿನ ಹಾಗೆ ಸಿಹಿ ವಾಸನೆ. ಅದು ನನಗೆ ಬಹಳ ಸೇರುತ್ತಿತ್ತು, ಬೇಕಂತಲೇ ಎರಡೆರಡು ಸಲ ಮೂಸುತ್ತಿದ್ದೆ. ಸಂತೆಯ ಹೆಂಗಸರೆಲ್ಲ ನೋಡುತ್ತಿದ್ದರು. “ನನ್ನ ಮಗಳ ಮೂಗು ಅಂದ್ರ ಮೂಗು ನೋಡ್ರಿ,” ಅಂತ ಅಪ್ಪ ಎದೆ ಉಬ್ಬಿಸುತ್ತಿದ್ದ. ನನಗೂ ಜಂಬ. ಮನೆಯಲ್ಲಿ ಬೆಳಿಗ್ಗೆ ಸ್ನಾನದ ನೀರಿನ ಒಲೆ ಹೊತ್ತಿಸುವುದೂ ನಾನೇ, ಅದಕ್ಕೂ ಹರಿದ ಪ್ಲಾಸ್ಟಿಕ್ ಚೀಲ, ಉಳಿದ ತುಂಡುಗಳು. ನಮ್ಮ ಓಣಿಯಲ್ಲಿ ಹಾಗೆ ಮಾಡದವರು ಯಾರಿದ್ದರು? ಕಟ್ಟಿಗೆ ಹಸಿ ಇದ್ದರೆ ಎಲ್ಲರ ಒಲೆಗೂ ಅದೇ ಮದ್ದು.

ನನಗೀಗ ನಲವತ್ತು ದಾಟಿದೆ. ಹೆಸರು ಸುಜಾತಾ, ಸರ್ಕಾರಿ ಬಸ್ಸಿನ ಕಂಡಕ್ಟರ್. ರಾಮದುರ್ಗದಿಂದ ಸವದತ್ತಿ, ಬೈಲಹೊಂಗಲ, ಒಮ್ಮೊಮ್ಮೆ ಕಿತ್ತೂರಿನವರೆಗೆ ದಿನವೂ ಒದರುತ್ತಾ ಹೋಗುವುದು, ಒದರುತ್ತಾ ಬರುವುದು. ಇದನ್ನು ಬರೆಯುತ್ತಿರುವುದು ಧೈರ್ಯ ತುಂಬಲಿಕ್ಕೆ ಅಂತ ಹೇಳಿದರೆ ಸುಳ್ಳಾದೀತು. ನನ್ನಲ್ಲೇ ಅಷ್ಟು ಧೈರ್ಯ ಉಳಿದಿಲ್ಲ. ಆದರೆ ದವಾಖಾನೆಯ ಬೆಂಚಿನ ಮೇಲೆ ಕುಳಿತಾಗ, ಇದೇ ಬೆಂಚಿನ ಮೇಲೆ ಇದೇ ಸಂಕಟ ಹೊತ್ತು ಇನ್ನೊಬ್ಬಳು ಕುಳಿತಿದ್ದಳು ಅಂತ ಯಾರಾದರೂ ಹೇಳಿದ್ದರೆ ನನಗೆ ಅಷ್ಟೇ ಸಾಕಿತ್ತು.

ಕೊರಳಿನ ಗಂಟು ಮೊದಲು ಕಂಡವಳು ನಾನಲ್ಲ. ಸವದತ್ತಿಯಲ್ಲಿ ಹತ್ತಿದ ಒಬ್ಬ ಆಶಾ ಕಾರ್ಯಕರ್ತೆ. ನಾನು ಕತ್ತೆತ್ತಿ, “ಹಿಂದ ಜಾಗಾ ಐತಿ, ಸರೀರಿ,” ಅಂತ ಕೂಗುತ್ತಿದ್ದಾಗ ಆಕೆ ನನ್ನನ್ನೇ ನೋಡುತ್ತಿದ್ದಳು. ಟಿಕೆಟ್ ಕೊಡಲು ಹೋದರೆ ಆಧಾರ್ ತೋರಿಸುವ ಬದಲು, “ಅಕ್ಕಾರ, ಒಂದ್ ಗುಟುಕು ನೀರು ನುಂಗ್ರಿ, ನೋಡೂಣು,” ಅಂದಳು. ತುಂಬಿದ ಬಸ್ಸು, ನನಗೆ ರೇಗಿತು. ಆದರೂ ನುಂಗಿದೆ. “ನಿಮ್ಮ ಕೊಳ್ಳಾಗ ಏನೋ ಮ್ಯಾಲ ಕೆಳಗ ಸರದಾಡತೈತ್ರಿ. ಸುಮ್ನ ಬಿಡಬ್ಯಾಡ್ರಿ.” ಮನೆಗೆ ಬಂದು ಕನ್ನಡಿ ಮುಂದೆ ನೀರು ಕುಡಿದು ನೋಡಿದೆ. ಅಡಿಕೆಯಷ್ಟು ಗಂಟು, ಎಡಗಡೆ, ನುಂಗಿದಾಗ ಎದ್ದು ಕೂರುತ್ತಿತ್ತು. ಎಷ್ಟು ದಿನದಿಂದ ಅಲ್ಲಿತ್ತೋ.

ಆಮೇಲೆ ಶುರುವಾದದ್ದು ಕಾಯುವ ಕೆಲಸ. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಸ್ಕ್ಯಾನಿಂಗಿಗೆ ಕಾಯುವುದು, ಸೂಜಿ ಚುಚ್ಚಿ ನೀರು ತೆಗೆಯಲು ಕಾಯುವುದು, ಅದರ ರಿಪೋರ್ಟಿಗೆ ಕಾಯುವುದು. ಬಸ್ಸಿನವರಿಗೆ ಕಾಯುವುದು ಬರುವುದಿಲ್ಲ, ನಾವು ಕಾಯಿಸುವ ಜನ. ಅಲ್ಲಿನ ಉಕ್ಕಿನ ಬೆಂಚಿನ ಮೇಲೆ ಬೈಲಹೊಂಗಲದ ಒಬ್ಬ ಅಜ್ಜಿ ತನ್ನ ಬುತ್ತಿ ಬಿಚ್ಚಿ ನನಗೆ ಅರ್ಧ ರೊಟ್ಟಿ ಕೊಟ್ಟಳು. ನನಗೇನಾಗಿದೆ ಅಂತ ಕೇಳಲಿಲ್ಲ, ತನಗೇನಾಗಿದೆ ಅಂತ ಹೇಳಲೂ ಇಲ್ಲ. ಶೇಂಗಾ ಚಟ್ನಿ ಖಾರ ಇತ್ತು. ಆ ದಿನ ನನ್ನ ಗಂಟಲಿಂದ ಇಳಿದದ್ದು ಅದೊಂದೇ.

ರಿಪೋರ್ಟು ಥೈರಾಯ್ಡ್ ಕ್ಯಾನ್ಸರ್ ಅಂತ ಬಂತು. ನನ್ನ ಗಂಡ ಪ್ರಕಾಶ ಗೋಡೆಗೆ ಬಣ್ಣ ಬಳಿಯುವವನು, ಮಾತು ಕಡಿಮೆ; ನಾವಿರುವುದು ಅಪ್ಪ ಅವ್ವನ ಜೊತೆ ಅದೇ ಮನೆಯಲ್ಲಿ. ಅವನು ಕಾಗದ ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದ. ಅವ್ವ ಮಾತ್ರ, “ನನ್ನ ಮಗಳಿಗ್ಯಾಕ ಬರತೈತಿ ಅದು, ಹೆಸರು ಅದಲಿಬದಲಿ ಆಗಿರಬೇಕು, ವಾಪಸ್ ಹೋಗಿ ಕೇಳ್ರಿ,” ಅಂತ ಪ್ರಕಾಶನಿಗೇ ಗಂಟುಬಿದ್ದಳು. ಅಪ್ಪ, ಮರುದಿನ ಡಾಕ್ಟರ ಭೇಟಿಗೆ ತಾನೂ ಬರುತ್ತೇನೆ, ಫೈಲ್ ತಾನೇ ಹಿಡಿಯುತ್ತೇನೆ ಅಂತ ಹಟ ಹಿಡಿದ.

ಎಡವಟ್ಟಾದದ್ದು ಅಲ್ಲೇ. ಒಬ್ಬ ಸಣ್ಣ ವಯಸ್ಸಿನ ಡಾಕ್ಟರು ಮೊದಲು ನನ್ನ ಪೂರ್ವೋತ್ತರ ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಈ ರೋಗ ಇತ್ತೇ, ಸಣ್ಣವರಿದ್ದಾಗ ಕೊರಳಿಗೆ ವಿಕಿರಣ ಏನಾದರೂ ಕೊಟ್ಟಿದ್ದರೇ, ಬೇರೇನಾದರೂ ರಾಸಾಯನಿಕದ ಹತ್ತಿರ ಇದ್ದಿರಾ. ಹೆದರಿಕೆಗೆ ನನಗೆ ಬಾಯಿ ಹೆಚ್ಚಾಗುತ್ತದೆ. ಸಂತೆ, ಸಳಿ, ಮೂಸುವುದು, ಸಿಹಿ ವಾಸನೆ, ಎಲ್ಲಾ ಹೇಳಿದೆ. ನಗುತ್ತಾ ಹೇಳಿದೆ ಬೇರೆ, ಅಪ್ಪನ ಹಾಗೆ ಹೆಮ್ಮೆಯಿಂದ. ಅವರು ಪೆನ್ನು ನಿಲ್ಲಿಸಿದರು.

“ಸಣ್ಣ ಹುಡುಗಿ ಕೈಲೆ ಪ್ಲಾಸ್ಟಿಕ್ ಹೊಗಿ ಮೂಸಸ್ತಿದ್ರಾ? ಅದರಾಗ ಎಂತೆಂಥಾ ಕೆಮಿಕಲ್ ಇರತಾವ ಗೊತ್ತೇನ್ರಿ? ಯಾರ್ರೀ ಹಂಗ ಮಾಡಿದವರು?”

ಅಪ್ಪ ನನ್ನ ಬೆನ್ನ ಹಿಂದೆಯೇ ಫೈಲ್ ಹಿಡಿದು ನಿಂತಿದ್ದ. “ನಾನರೀ ಸಾಹೇಬ್ರ,” ಅಂದ.

ಆಮೇಲೆ ಬಂದ ಹಿರಿಯ ಡಾಕ್ಟರು ಸಮಾಧಾನವಾಗಿ ತಿಳಿಸಿದರು. ಆ ಹೊಗೆ ಒಳ್ಳೆಯದಲ್ಲ, ಅದರಲ್ಲಿನ ಕೆಲವು ವಸ್ತುಗಳು ಇಂಥ ಗ್ರಂಥಿಗಳ ಕೆಲಸ ಕೆಡಿಸಬಹುದು ಅಂತ ಸಂಶಯವಿದೆ, ಆದರೆ ಈ ಗಂಟು ಅದರಿಂದಲೇ ಬಂತು ಅಂತ ಹೇಳಲಿಕ್ಕೆ ಬರುವುದಿಲ್ಲ, ಅದರಿಂದ ಬರಲಿಲ್ಲ ಅಂತಲೂ ಹೇಳಲಿಕ್ಕೆ ಬರುವುದಿಲ್ಲ, ಯಾರಿಗೂ ಹೇಳಲಿಕ್ಕೆ ಬರುವುದಿಲ್ಲ. ಅಷ್ಟು ಹೊತ್ತಿಗೆ ಅಪ್ಪ ಹೊರಗೆ ಹೋಗಿದ್ದ.

ಮನೆಗೆ ಬಂದವನೇ ಅಡುಗೆಮನೆ ಹೊಕ್ಕ. ಡಬ್ಬಿ, ಬುಟ್ಟಿ, ಜರಡಿ, ಬಕೀಟು, ನೀರಿನ ಬಾಟಲಿ, ಕೈಗೆ ಸಿಕ್ಕ ಪ್ಲಾಸ್ಟಿಕ್ಕನ್ನೆಲ್ಲ ಗೋಣಿಚೀಲಕ್ಕೆ ತುಂಬಿದ. ಸಕ್ಕರೆ ಹಾಳೆಯ ಮೇಲೆ ಬಿತ್ತು, ಜೀರಿಗೆ ಸಾಸಿವೆ ಒಂದಾದವು. “ಅದು ನನ್ನ ತಲಿ ಹಿಕ್ಕೊ ಹಣಿಗಿ, ಅದನ್ಯಾಕ ಒಯ್ದಿ? ಹುಚ್ಚ ಹಿಡದೈತೇನ ನಿನಗ?” ಅಂತ ಅವ್ವ ಬೆನ್ನು ಹತ್ತಿದಳು. ಅಪ್ಪ ಬಾಚಣಿಗೆಯನ್ನೂ ಬಿಡಲಿಲ್ಲ. ಹಳೆಯ ತಾಮ್ರದ ಕೊಡ ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕುಳಿತ. ನಗಬೇಕೋ ಅಳಬೇಕೋ ತಿಳಿಯದೆ ನಾನು ಮಲಗಿಬಿಟ್ಟೆ.

ಅಂದಿನಿಂದ ಅಪ್ಪ ನನ್ನ ಮುಖ ನೋಡುವುದನ್ನು ಬಿಟ್ಟ. ಅವನ ಕೆಲಸ ಮೊದಲೇ ಕಡಿಮೆಯಾಗಿತ್ತು. ಈಗ ಒಡೆದ ಕೊಡಕ್ಕೆ ಯಾರು ತೇಪೆ ಹಾಕಿಸುತ್ತಾರೆ, ಹೊಸದು ತರುತ್ತಾರೆ. ಆದರೂ ಕುರ್ಚಿ, ನೀರಿನ ಟ್ಯಾಂಕು ಅಂತ ವಾರಕ್ಕೆರಡು ಕೆಲಸ ಇರುತ್ತಿದ್ದವು. ಅವನ್ನೂ ನಿಲ್ಲಿಸಿದ. ನಾನು ಊಟಕ್ಕೆ ಕುಳಿತರೆ ಎದ್ದು ಹೋಗುತ್ತಿದ್ದ. ನಾವೆಲ್ಲ ಒಂದೇ ಪಾಠ ಒಪ್ಪಿಸಿದೆವು. ಅವ್ವ ಹೇಳಿದಳು, ಪ್ರಕಾಶ ಹೇಳಿದ, ನಾನು ದಿನಕ್ಕೆ ಎರಡು ಸಲ ಹೇಳಿದೆ: “ನಿನಗೂ ಇದಕ್ಕೂ ಏನೂ ಸಂಬಂಧ ಇಲ್ಲಪಾ.” ಅವನು ಬರೀ ತಲೆ ಅಲ್ಲಾಡಿಸುತ್ತಿದ್ದ. ರೋಗಕ್ಕಿಂತ ನನಗೆ ಅದು ಹೆಚ್ಚು ಭಾರವಾಯಿತು. ಕ್ಯಾನ್ಸರಿಗೆ ಡಾಕ್ಟರಿದ್ದರು, ಇದಕ್ಕೆ ಯಾರಿದ್ದರು? ಒಂದು ವೇಳೆ ನಾನು ಸತ್ತರೆ ಅಪ್ಪ ಹೀಗೇ ಉಳಿದುಬಿಡುತ್ತಾನಲ್ಲ ಅನ್ನುವುದು ಆಪರೇಷನ್ ಟೇಬಲ್ಲಿನವರೆಗೂ ನನ್ನ ಜೊತೆ ಬಂತು.

ಆಪರೇಷನ್ ಚೆನ್ನಾಗಿಯೇ ಆಯಿತಂತೆ. ಗ್ರಂಥಿ ಪೂರ್ತಿ ತೆಗೆದರು. ಎದ್ದಾಗ ಬೆರಳ ತುದಿಗಳಲ್ಲಿ, ತುಟಿಯಲ್ಲಿ ಇರುವೆ ಹರಿದ ಹಾಗೆ ಜುಮುಜುಮು, ಅದಕ್ಕೆ ಕ್ಯಾಲ್ಸಿಯಂ. ಧ್ವನಿ ಹೋಗಿತ್ತು. ಬಾಯಿ ತೆಗೆದರೆ ಬರೀ ಗಾಳಿ. ಕಂಡಕ್ಟರಿಗೆ ಧ್ವನಿ ಹೋಗುವುದೆಂದರೆ ಏನು ಅಂತ ಬಸ್ಸಿನಲ್ಲಿ ದುಡಿದವರಿಗೇ ಗೊತ್ತು. ಬರುತ್ತದೆ, ಕಾಯಬೇಕು ಅಂದರು. ಮತ್ತೆ ಕಾಯುವುದು. ಅದು ತಿಂಗಳುಗಟ್ಟಲೆ ಹಿಡಿಯಿತು, ಬಂದದ್ದೂ ಮೊದಲಿನದಲ್ಲ, ಸ್ವಲ್ಪ ಗಂಡುಧ್ವನಿ. ಈಗ ಸೀಟಿ ಹೆಚ್ಚು ಊದುತ್ತೇನೆ.

ಮುಂದಿನ ಔಷಧಕ್ಕೆ ಮೊದಲು, ತೆಗೆದ ಗ್ರಂಥಿಯ ಬದಲಿಗೆ ನುಂಗಬೇಕಾದ ಥೈರಾಯ್ಡ್ ಗುಳಿಗೆಯನ್ನು ಕೆಲವು ವಾರ ನಿಲ್ಲಿಸಿದ್ದರು. ಆ ವಾರಗಳ ದಣಿವನ್ನು ಹೇಗೆ ಹೇಳಲಿ. ಒಂದು ಕಾಲು ಎತ್ತಿ ಹೊಸ್ತಿಲು ದಾಟಲು ಮನಸ್ಸಿನೊಳಗೆ ಚರ್ಚೆ ನಡೆಯುತ್ತಿತ್ತು. ತಲೆ ಬಾಚಲು ಕೈ ಎತ್ತಿ ಅರ್ಧಕ್ಕೇ ಇಳಿಸುತ್ತಿದ್ದೆ. ಬೇಸಿಗೆಯಲ್ಲಿ ಶಾಲು ಹೊದ್ದು ಕೂರುತ್ತಿದ್ದೆ. ಊಟದಲ್ಲಿ ಅಯೋಡಿನ್ ಇರಬಾರದಂತೆ, ಅದಕ್ಕೇ ಉಪ್ಪೂ ಬೇರೆ, ಹಾಲಿಲ್ಲ, ಚಹಾ ಬರೀ ಕರಿ. ನೋಡಲು ಬಂದವರು, “ಮುಖಾ ತುಂಬಿಕೊಂಡೈತಲ್ಲ, ಆರಾಮ ಆದೀರಿ,” ಅನ್ನುತ್ತಿದ್ದರು. ಅದು ಬಾವು.

ಒಂಬತ್ತು ವರ್ಷದ ಮಗಳನ್ನು ಕಟಕೋಳದಲ್ಲಿ ಅತ್ತೆಯ ಹತ್ತಿರ ಬಿಟ್ಟು ಹುಬ್ಬಳ್ಳಿಗೆ ಹೋದೆ. ವಿಕಿರಣ ಸೂಸುವ ಅಯೋಡಿನ್ ನುಂಗಿಸಿ ಮೂರು ದಿನ ದಪ್ಪ ಗೋಡೆಯ ಕೋಣೆಯಲ್ಲಿ ಒಬ್ಬಳನ್ನೇ ಇಟ್ಟರು. ಊಟದ ತಟ್ಟೆ ಬಾಗಿಲ ಬಳಿ ಇಟ್ಟು ಸರಿದುಬಿಡುತ್ತಿದ್ದರು. ತಟ್ಟೆ, ಲೋಟ, ಚಮಚ ಎಲ್ಲ ಬಳಸಿ ಎಸೆಯುವ ಪ್ಲಾಸ್ಟಿಕ್. ಅಪ್ಪ ನೋಡಿದ್ದರೆ ಅವನ್ನೂ ಚೀಲಕ್ಕೆ ತುಂಬುತ್ತಿದ್ದ. ಗೋಡೆಯ ಮೇಲಿನ ಸ್ಪೀಕರಿನಲ್ಲಿ ಕಿತ್ತೂರ ಕಡೆಯ ಒಬ್ಬ ನರ್ಸ್ ಮಾತಾಡಿಸುತ್ತಿದ್ದಳು. ಮುಖ ಸರಿಯಾಗಿ ನೋಡಲೇ ಇಲ್ಲ. “ಕಂಡಕ್ಟರ್ ಮೇಡಂ, ಯಾವ ಸ್ಟಾಪ್ ಬಂತ್ರಿ?” ಅನ್ನುವಳು. ನಾನು ಗಾಳಿಯ ಧ್ವನಿಯಲ್ಲಿ, “ಇನ್ನಾ ಸವದತ್ತಿ ದಾಟಿಲ್ರಿ,” ಅನ್ನುತ್ತಿದ್ದೆ. ಮೂರನೇ ದಿನ ಅವಳೇ ಹೇಳಿದಳು: “ಇಳೀರಿ, ನಿಮ್ಮ ಸ್ಟಾಪ್ ಬಂತು. ಚಿಲ್ಲರ ಆಮ್ಯಾಲ ಕೊಡ್ರಿ.” ಇಡೀ ವರ್ಷದಲ್ಲಿ ನಾನು ಮನಸಾರೆ ನಕ್ಕದ್ದು ಅಲ್ಲಿ ಅಂತ ಈಗ ಅನ್ನಿಸುತ್ತದೆ.

ಮನೆಯಲ್ಲಿ ಇನ್ನೂ ಕೆಲವು ದಿನ ಎಲ್ಲರಿಂದ ದೂರ ಕೂರಬೇಕಿತ್ತು. ಆ ದಿನಗಳು ಮುಗಿದವು, ಮಗಳು ಬಂದು ಮಗ್ಗುಲಲ್ಲಿ ಮಲಗಿದಳು, ಅವ್ವ ತಲೆಗೆ ಎಣ್ಣೆ ಹಚ್ಚಿದಳು. ಅಪ್ಪ ಮಾತ್ರ ಪಡಸಾಲೆಯ ಆ ತುದಿಯ ಕಂಬ ಬಿಟ್ಟು ಈಚೆ ಬರಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. “ಅಪ್ಪಾ, ಇಲ್ಲೆ ಬಾ. ಡಾಕ್ಟರ್ ಹೇಳಿದ ದಿನಾ ಮುಗದಾವ. ನಿನಗೇನೂ ಆಗಂಗಿಲ್ಲ,” ಅಂದೆ.

“ನನಗೇನಾದೀತು,” ಅಂದ. ಚಾಪೆಯ ಕಡ್ಡಿ ಕೀಳುತ್ತಾ, “ಒಂದ ಮಾತು ಖರೇ ಹೇಳು. ನಾ ಮೂಸಾಕ ಹಚ್ಚಿದ್ದಕ್ಕ ಬಂತೇನು ಇದು?”

ಇಲ್ಲ ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು, ರೂಢಿಯಾಗಿಬಿಟ್ಟಿತ್ತು. ಆದರೆ ನನಗೆ ಬಹಳ ದಣಿವಾಗಿತ್ತು. ಸುಳ್ಳು ಹೇಳಿ ಅದನ್ನು ಹೊರುವಷ್ಟು ತ್ರಾಣ ಇರಲಿಲ್ಲ.

“ಗೊತ್ತಿಲ್ಲಪಾ. ದೊಡ್ಡ ಡಾಕ್ಟರಿಗೂ ಗೊತ್ತಿಲ್ಲಂತ. ಅದರಿಂದ ಬಂದಿದ್ರೂ ಬಂದಿರಬಹುದು. ಬರದನೂ ಇರಬಹುದು.”

ಅಪ್ಪ ಎಷ್ಟೋ ತಿಂಗಳ ಮೇಲೆ ನನ್ನ ಮುಖ ನೋಡಿದ. “ಇಷ್ಟ ದಿನಾ ಎಲ್ಲಾರೂ ಕೂಡಿ ಇಲ್ಲ ಇಲ್ಲ ಅಂದ್ರಿ. ನಾ ಏನ ಸಣ್ಣ ಹುಡುಗನ?”

“ನಿನಗ ಕೆಟ್ಟ ಅನಸಬಾರದಂತ ಅಂದ್ವಿ.”

“ನನ್ನ ಮ್ಯಾಲ ಸಿಟ್ಟ ಐತೇನ?”

“ಐತಿ,” ಅಂದೆ. ಅಂದ ಮೇಲೆ ಕಣ್ಣಲ್ಲಿ ನೀರು ಬಂತು. “ನೀ ಬೇಕಂತ ಮಾಡಿಲ್ಲ ಅನ್ನೂದು ನನಗ ಗೊತ್ತೈತಿ. ಆದ್ರೂ ಒಮ್ಮೊಮ್ಮೆ ಬರತೈತಿ. ಬಂದು ಹೋಗತೈತಿ.”

“ಬರಲಿ. ಬರಬೇಕ ಅದು.” ಅಪ್ಪ ಎದ್ದು, ಕಂಬದ ಬುಡದ ಚಾಪೆ ಸುತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಹಾಸಿ ಕುಳಿತ. “ಉಂಡಿಯೇನ?”

“ಇಲ್ಲ.”

“ನಡಿ ಹಂಗಾರ. ನನಗೂ ಹಸದೈತಿ.”

ಅವನು ರೊಟ್ಟಿ ಮುರಿಯುವುದನ್ನು ನೋಡುತ್ತಿದ್ದಾಗಲೇ ನನಗೆ ಹೊಳೆದದ್ದು, ನಾಚಿಕೆಯೂ ಆದದ್ದು. ನಾನು ಆ ಹೊಗೆಯಲ್ಲಿ ಕುಳಿತದ್ದು ಸೂಟಿಯ ದಿನಗಳಲ್ಲಿ. ಇವನು ಮೂವತ್ತು ನಲವತ್ತು ವರ್ಷ ಅದರ ಮೇಲೇ ಬಗ್ಗಿ ಕುಳಿತವನು. ಈ ವರ್ಷವೆಲ್ಲ ನನ್ನ ಕೊರಳು, ನನ್ನ ರಕ್ತ, ನನ್ನ ರಿಪೋರ್ಟು. ನಿನಗೆ ಹೇಗಿದೆ ಅಂತ ಅಪ್ಪನನ್ನು ಯಾರೂ ಕೇಳಿರಲಿಲ್ಲ. ಯಾರು ಮಾಡಿದ್ದು ಅಂತ ಕೇಳಿದವರೇ ಎಲ್ಲ.

ಮುಂದಿನ ತಪಾಸಣೆಗೆ ಹೋದಾಗ ಅವನ ಹೆಸರಿನಲ್ಲೂ ಚೀಟಿ ಮಾಡಿಸಿದೆ. “ನನಗೇನ ಧಾಡಿ ಆಗೈತಿ?” ಅಂತ ಬೆಂಚಿನ ಮೇಲೆ ಗುರುಗುಟ್ಟಿದ. ಒಳಗೆ ಹಿರಿಯ ಡಾಕ್ಟರು ಕೆಲಸ ಏನು, ಎಷ್ಟು ವರ್ಷ, ದಿನಕ್ಕೆ ಎಷ್ಟು ಹೊತ್ತು ಅಂತ ಕೇಳಿದರು. ನಾನು ಬಾಯಿ ಹಾಕಲಿಲ್ಲ. ಅಪ್ಪ ಮೊದಲು ತಡವರಿಸಿದ, ಆಮೇಲೆ ಹೇಳುತ್ತಾ ಹೋದ. ಅವನ ಬದುಕನ್ನು ಅವನ ಬಾಯಿಂದ ನಾನು ಪೂರ್ತಿ ಕೇಳಿದ್ದು ಅದೇ ಮೊದಲು.

ಎದೆಯ ಫೋಟೊ, ರಕ್ತ, ಕೊರಳಿನ ಸ್ಕ್ಯಾನಿಂಗ್ ಎಲ್ಲಾ ಆಯಿತು. ಮಧ್ಯಾಹ್ನದ ತನಕ ಮತ್ತೆ ಅದೇ ಉಕ್ಕಿನ ಬೆಂಚು. ಈ ಸಲ ಹೆದರಿಕೆ ನನ್ನದು, ರಿಪೋರ್ಟು ಅವನದು. ಎದೆಯಲ್ಲಿ ಹಳೆಯ ಹೊಗೆ ಸ್ವಲ್ಪ ಕೆಲಸ ಮಾಡಿದೆ, ಉಸಿರಿಗೆ ಎಳೆದುಕೊಳ್ಳುವ ಒಂದು ಔಷಧ ಬರೆಯುತ್ತೇನೆ, ತಪಕೀರು ಬಿಡಬೇಕು ಅಂದರು. ಕೊರಳು ಸ್ವಚ್ಛ ಇದೆ, ಗಂಟಿಲ್ಲ, ಏನೂ ಇಲ್ಲ.

ಹೊರಗೆ ಬಂದು ಅಪ್ಪ ಗೋಡೆ ಹಿಡಿದು ನಿಂತುಬಿಟ್ಟ. ಏನಾಯಿತು ಅಂತ ಹತ್ತಿರ ಹೋದರೆ ಭುಜ ಅದುರುತ್ತಿತ್ತು. “ನನ್ನ ಕೊಳ್ಳಾಗ ಏನೂ ಇಲ್ಲಂತ ನೋಡವಾ,” ಅಂದ. ನನ್ನ ಮುಂದೆ ತಪ್ಪು ಒಪ್ಪಿಕೊಳ್ಳುವವನ ದನಿ ಅದು. “ನನಗ ಬರಬೇಕಿತ್ತು. ನನಗ ಬರಬೇಕಿತ್ತ ಅದು.”

ವರ್ಷವಿಡೀ ನಮ್ಮ ಮನೆಗೆ ಬಂದ ಒಂದೇ ಒಂದು ಒಳ್ಳೆಯ ಸುದ್ದಿ ಅದು. ಅದಕ್ಕೆ ಅಪ್ಪ, ಓಡಾಡುವ ಜನರ ನಡುವೆ, ಸಣ್ಣ ಮಗುವಿನ ಹಾಗೆ ಅತ್ತ. ನಾನು ಅವನ ಕೈಯಿಂದ ಫೈಲ್ ತೆಗೆದುಕೊಂಡೆ.